ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದು 1040 ಫೈಲ್ ಮಾಡಿದ್ದೀರಾ? ಅಮೆರಿಕದ ಟ್ಯಾಕ್ಸ್ ರಿಟರ್ನ್ ಸರಿಪಡಿಸುವ ಬಗೆ

ಫೆಬ್ರವರಿ ಬಂತೆಂದರೆ ಅಮೆರಿಕದಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು. ಡಬ್ಲ್ಯು-2 (ವರ್ಷದ ಸಂಬಳ, ಹಿಡಿದ ತೆರಿಗೆಯ ಲೆಕ್ಕದ ಕಾಗದ) ಬಂತಾ, ಯಾವ ಸಾಫ್ಟ್‌ವೇರಲ್ಲಿ ಫೈಲ್ ಮಾಡಿದೆ, ರೀಫಂಡ್ ಎಷ್ಟು ಬಂತು? ರೂಮ್‌ಮೇಟ್‌ಗೆ ನಮಗಿಂತ ಸಾವಿರ ಡಾಲರ್ ಜಾಸ್ತಿ ಬಂದಿದ್ದರೆ ಅವನು ಬಳಸಿದ ಸಾಫ್ಟ್‌ವೇರೇ ಒಳ್ಳೆಯದು ಎಂದು ತೀರ್ಮಾನವಾಗುತ್ತದೆ. ಆ ಸಾಫ್ಟ್‌ವೇರ್ ಅಮೆರಿಕದ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್‌ನವರಿಗೆಂದು ಮಾಡಿದ್ದು, ಅದು ಫಾರ್ಮ್ 1040 ಬಿಟ್ಟು ಬೇರೇನನ್ನೂ ತುಂಬಿಸುವುದಿಲ್ಲ ಎನ್ನುವುದು ಯಾರ ಗಮನಕ್ಕೂ ಬಂದಿರುವುದಿಲ್ಲ. ಒಂದೆರಡು ವರ್ಷ ಕಳೆದು ಎಚ್-1ಬಿ ಎಂಬ ಕೆಲಸದ ವೀಸಾದ ಫೈಲಿಂಗ್ ಹೊತ್ತಿಗೆ ಯಾರೋ ಸೀನಿಯರ್ ಕೇಳುತ್ತಾರೆ: "ನೀನು ನಾನ್‌ರೆಸಿಡೆಂಟ್ ಅಲ್ವಾ? 1040-ಎನ್‌ಆರ್ ಹಾಕಬೇಕಿತ್ತಲ್ಲ?" ಅಲ್ಲಿಂದ ನಿದ್ದೆ ಹಾಳು. ತೆರಿಗೆಯ ಲೆಕ್ಕದಲ್ಲಿ ಅಮೆರಿಕದ ನಿವಾಸಿ ಎನಿಸದವರು ನಾನ್‌ರೆಸಿಡೆಂಟ್, ಅವರು ತುಂಬಬೇಕಾದ ರಿಟರ್ನ್ 1040-ಎನ್‌ಆರ್.

ಈ ತಪ್ಪನ್ನು ಸರಿಮಾಡಲು ದಾರಿ ಇದೆ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಇದಕ್ಕೆಂದೇ ಫಾರ್ಮ್ ಇಟ್ಟಿದೆ, ಅದರ ಸೂಚನೆಯಲ್ಲಿ "1040 ಬದಲು 1040-ಎನ್‌ಆರ್ ಹಾಕಬೇಕಿದ್ದವರು" ಎಂದು ನೇರವಾಗಿಯೇ ಬರೆದಿದೆ. ಭಾರತದಿಂದ ಹೋದ ವಿದ್ಯಾರ್ಥಿಗಳಿಗಂತೂ ಹಿಂದಿರುಗಿಸಬೇಕಾದ ಮೊತ್ತ ಹೆದರಿದಷ್ಟು ಇರುವುದಿಲ್ಲ. ಕೆಲವರಿಗೆ ಲೆಕ್ಕವೆಲ್ಲ ಮುಗಿದ ಮೇಲೆ ಕೈಗೇ ದುಡ್ಡು ಬರುತ್ತದೆ. ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ಸ್ಟೇಟಸ್ ಖಚಿತ ಮಾಡಿಕೊಳ್ಳಿ

ಫಾರ್ಮ್ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಂಡು ನೀವು ಅಮೆರಿಕಕ್ಕೆ ಬಂದ ವರ್ಷದಿಂದ ಇವತ್ತಿನವರೆಗಿನ ಇಸವಿಗಳನ್ನು ಸಾಲಾಗಿ ಬರೆಯಿರಿ. ಪ್ರತಿ ಇಸವಿಯ ಮುಂದೆ ಆ ವರ್ಷ ಯಾವ ವೀಸಾ ಇತ್ತು ಎಂದು ಹಾಕಿ.

ತೆರಿಗೆಯ ಮಟ್ಟಿಗೆ ರೆಸಿಡೆಂಟ್ ಹೌದೋ ಅಲ್ಲವೋ ಎಂಬುದನ್ನು ಸಬ್‌ಸ್ಟ್ಯಾನ್ಷಿಯಲ್ ಪ್ರೆಸೆನ್ಸ್ ಟೆಸ್ಟ್ ಎಂಬ ದಿನಗಳ ಲೆಕ್ಕ ನಿರ್ಧರಿಸುತ್ತದೆ. ಈ ವರ್ಷ ಕನಿಷ್ಠ 31 ದಿನ ಅಮೆರಿಕದಲ್ಲಿರಬೇಕು. ಜೊತೆಗೆ ಈ ವರ್ಷದ ಎಲ್ಲ ದಿನಗಳು, ಹೋದ ವರ್ಷದ ದಿನಗಳಲ್ಲಿ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ದಿನಗಳಲ್ಲಿ ಆರನೇ ಒಂದು ಭಾಗ ಸೇರಿ 183 ಮುಟ್ಟಬೇಕು. ಮುಟ್ಟಿದರೆ ರೆಸಿಡೆಂಟ್. ವಿದ್ಯಾರ್ಥಿಗಳಿಗೆ ಇಲ್ಲೊಂದು ವಿನಾಯಿತಿ ಇದೆ. ಎಫ್-1 ಅಥವಾ ಜೆ-1 ವಿದ್ಯಾರ್ಥಿಯಾಗಿ ಕಳೆದ ಮೊದಲ 5 ಕ್ಯಾಲೆಂಡರ್ ವರ್ಷಗಳ ದಿನಗಳು ಈ ಲೆಕ್ಕಕ್ಕೇ ಬರುವುದಿಲ್ಲ. ವರ್ಷವೆಲ್ಲ ಅಲ್ಲಿದ್ದರೂ ಲೆಕ್ಕದಲ್ಲಿ ಸೊನ್ನೆ.

ಗಮನಿಸಿ, ಇದು ಕ್ಯಾಲೆಂಡರ್ ವರ್ಷ, ನೀವು ಬಂದ ತಾರೀಖಿನಿಂದ ಎಣಿಸುವ ಐದು ವರ್ಷವಲ್ಲ. 2021ರ ಆಗಸ್ಟ್‌ನಲ್ಲಿ ಬಂದವರಿಗೆ 2021, 22, 23, 24, 25 ಐದೂ ನಾನ್‌ರೆಸಿಡೆಂಟ್ ವರ್ಷಗಳು, 2026ರಿಂದ ದಿನಗಳ ಎಣಿಕೆ ಶುರು. ಡಿಸೆಂಬರ್ 31ರ ರಾತ್ರಿ ವಿಮಾನ ಇಳಿದಿದ್ದರೂ ಆ ಒಂದು ದಿನಕ್ಕಾಗಿ ಒಂದು ಇಡೀ ವರ್ಷ ಖರ್ಚಾದಂತೆ. ಹಿಂದೆಂದೋ ಎಫ್ ಅಥವಾ ಜೆ ವೀಸಾದಲ್ಲಿ ಬಂದು ಹೋಗಿದ್ದರೆ ಆ ವರ್ಷಗಳನ್ನೂ ಈ ಐದರೊಳಗೇ ಸೇರಿಸಬೇಕು. ಎಫ್-2ನಲ್ಲಿ ಜೊತೆಗೆ ಬಂದ ಗಂಡ ಅಥವಾ ಹೆಂಡತಿಗೂ ಇದೇ ವಿನಾಯಿತಿ ಇದೆ. ಓದಿನ ನಂತರ ಕೆಲಸ ಮಾಡಲು ಸಿಗುವ ಒಪಿಟಿ, ವಿಜ್ಞಾನ-ತಂತ್ರಜ್ಞಾನ ಓದಿದವರಿಗೆ ಅದರ ವಿಸ್ತರಣೆಯಾದ ಸ್ಟೆಮ್ ಒಪಿಟಿ ಕೂಡ ಎಫ್-1ರ ಭಾಗವೇ. ಕೆಲಸಕ್ಕೆ ಸೇರಿದ ಮಾತ್ರಕ್ಕೆ ಸ್ಟೇಟಸ್ ಬದಲಾಗುವುದಿಲ್ಲ.

ಜನ ಹೆಚ್ಚು ಎಡವುವುದು ಎಚ್-1ಬಿ ಸಿಕ್ಕ ವರ್ಷದಲ್ಲಿ. ಅಕ್ಟೋಬರ್ 1ಕ್ಕೆ ಎಚ್-1ಬಿ ಶುರುವಾಯಿತು ಎಂದುಕೊಳ್ಳಿ. ಅಲ್ಲಿಂದ ಡಿಸೆಂಬರ್ 31ರವರೆಗೆ 92 ದಿನ. ಅದಕ್ಕಿಂತ ಹಿಂದಿನ ದಿನಗಳೆಲ್ಲ ಐದು ವರ್ಷದೊಳಗಿನ ಎಫ್-1 ದಿನಗಳಾದರೆ ಅವು ಸೊನ್ನೆ. ಒಟ್ಟು 92, 183ರ ಹತ್ತಿರಕ್ಕೂ ಬರಲಿಲ್ಲ. ಹಾಗಾಗಿ ಆ ಇಡೀ ವರ್ಷ ನೀವು ನಾನ್‌ರೆಸಿಡೆಂಟೇ, ಮರುವರ್ಷದಿಂದ ರೆಸಿಡೆಂಟ್. ಎಚ್-1ಬಿ ಸಿಕ್ಕ ಆ ವರ್ಷವೇ ಕೆಲವು ತಿಂಗಳು ರೆಸಿಡೆಂಟ್ ಆಗುವ ಫಸ್ಟ್-ಇಯರ್ ಚಾಯ್ಸ್ ಎಂಬ ಆಯ್ಕೆಯೂ ಇದೆ. ಅದು ಬೇಕೆಂದು ಕೇಳಿ ಪಡೆಯುವಂಥದ್ದು, ತಾನಾಗಿ ಬರುವುದಿಲ್ಲ.

ಬಂದು ಹೋದ ತಾರೀಖುಗಳು ನೆನಪಿಲ್ಲದಿದ್ದರೆ ಅಮೆರಿಕದ ಗಡಿ ಇಲಾಖೆಯ ಐ-94 ವೆಬ್‌ಸೈಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿದರೆ ಪ್ರಯಾಣದ ಪಟ್ಟಿ ಬರುತ್ತದೆ. ಪಾಸ್‌ಪೋರ್ಟಿನ ಸೀಲುಗಳೊಂದಿಗೆ ತಾಳೆ ನೋಡಿ ಪ್ರಿಂಟ್ ಇಟ್ಟುಕೊಳ್ಳಿ. 1040-ಎನ್‌ಆರ್ ಜೊತೆಗಿನ ಷೆಡ್ಯೂಲ್ ಓಐ ಎಂಬ ಪುಟ ಇದನ್ನೆಲ್ಲ ಕೇಳುತ್ತದೆ. ಯಾವ ವೀಸಾ, ಆ ವರ್ಷ ಯಾವತ್ತು ಒಳಬಂದಿರಿ, ಯಾವತ್ತು ಹೊರಹೋದಿರಿ, ಮೂರು ವರ್ಷಗಳಲ್ಲಿ ಎಷ್ಟೆಷ್ಟು ದಿನ ಇದ್ದಿರಿ, ಎಲ್ಲವೂ ಅಲ್ಲಿದೆ.

ಹಳೆಯ ರಿಟರ್ನ್ ಎದುರಿಗಿಟ್ಟುಕೊಂಡು ಏನೇನು ತಪ್ಪಿದೆ ನೋಡಿ

ತಪ್ಪು ಫಾರ್ಮ್ ಹಾಕಿದ್ದಷ್ಟೇ ಆದರೆ ದೊಡ್ಡ ವಿಷಯವಲ್ಲ. ಆ ಫಾರ್ಮಿನೊಳಗೆ ನಮಗೆ ಸಲ್ಲದ ಸವಲತ್ತು ತೆಗೆದುಕೊಂಡಿದ್ದೇವೆಯೇ ಎಂಬುದು ಮುಖ್ಯ. ಪಿಡಿಎಫ್ ಕಳೆದುಹೋಗಿದ್ದರೆ ಐಆರ್‌ಎಸ್ ವೆಬ್‌ಸೈಟಿನಲ್ಲಿ ಖಾತೆ ತೆರೆದು ರಿಟರ್ನ್‌ನ ವಿವರಗಳಿರುವ ಟ್ರಾನ್‌ಸ್ಕ್ರಿಪ್ಟ್ ಇಳಿಸಿಕೊಳ್ಳಬಹುದು.

ಮೊದಲು ನೋಡಬೇಕಾದ್ದು ಎಜುಕೇಶನ್ ಕ್ರೆಡಿಟ್. ಯೂನಿವರ್ಸಿಟಿ ಕಳಿಸಿದ 1098-ಟಿ ಎಂಬ ಕಾಗದದ ಅಂಕಿಗಳನ್ನು ಸಾಫ್ಟ್‌ವೇರ್‌ಗೆ ಕೊಟ್ಟಿದ್ದರೆ ಅದು ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಎಂದು 2,000 ಡಾಲರ್‌ವರೆಗೆ ಅಥವಾ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಎಂದು 2,500 ಡಾಲರ್‌ವರೆಗೆ ತೆರಿಗೆ ಇಳಿಸಿರುತ್ತದೆ. ಎರಡನೆಯದರಲ್ಲಿ 1,000 ಡಾಲರ್‌ವರೆಗೆ ತೆರಿಗೆಯೇ ಇಲ್ಲದಿದ್ದರೂ ಕೈಗೆ ಬರುತ್ತದೆ. ರೂಮ್‌ಮೇಟ್‌ನ ದೊಡ್ಡ ರೀಫಂಡ್‌ನ ಗುಟ್ಟು ಬಹುತೇಕ ಇದೇ. ನಾನ್‌ರೆಸಿಡೆಂಟ್‌ಗೆ ಎರಡೂ ಇಲ್ಲ. 1098-ಟಿ ಬಂದಿದೆ ಎಂದ ಮಾತ್ರಕ್ಕೆ ಕ್ರೆಡಿಟ್ ನಮ್ಮದೇ ಎಂದು ಅರ್ಥವಲ್ಲ.

ಇನ್ನು ಕಡಿಮೆ ಸಂಬಳದವರಿಗೆ ಸಿಗುವ ಅರ್ನ್‌ಡ್ ಇನ್‌ಕಮ್ ಕ್ರೆಡಿಟ್, ಗಂಡ ಹೆಂಡತಿ ಒಟ್ಟಾಗಿ ಹಾಕುವ ಜಾಯಿಂಟ್ ರಿಟರ್ನ್, ಅವಲಂಬಿತರನ್ನು ಸಾಕುವ ಒಂಟಿಯವರಿಗಿರುವ ಹೆಡ್ ಆಫ್ ಹೌಸ್‌ಹೋಲ್ಡ್. ಇವೂ ನಾನ್‌ರೆಸಿಡೆಂಟ್‌ಗೆ ಇಲ್ಲ. ಅಮೆರಿಕದ ನಾಗರಿಕರನ್ನೋ ರೆಸಿಡೆಂಟ್ ಆದವರನ್ನೋ ಮದುವೆಯಾಗಿದ್ದರೆ ಜಾಯಿಂಟ್ ರಿಟರ್ನ್ ಆಯ್ದುಕೊಳ್ಳಲು ಅವಕಾಶವಿದೆ. ಇಬ್ಬರೂ ಎಫ್-1 ಮತ್ತು ಎಫ್-2 ಆಗಿದ್ದರೆ ಆ ದಾರಿ ಇಲ್ಲ. ಕೊರೋನಾ ಕಾಲದ ಸ್ಟಿಮ್ಯುಲಸ್ ಹಣವೂ, ಅಂದರೆ 1,200, 600 ಮತ್ತು 1,400 ಡಾಲರ್‌ನ ಮೂರು ಕಂತುಗಳು, 1040 ಹಾಕಿದ ಎಷ್ಟೋ ವಿದ್ಯಾರ್ಥಿಗಳ ಖಾತೆಗೆ ತಾನಾಗಿ ಬಂದು ಬಿದ್ದಿತ್ತು. ಅದೂ ನಾನ್‌ರೆಸಿಡೆಂಟ್‌ಗೆ ಸಲ್ಲದ್ದು.

ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತವಾದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಥೆ ಮಾತ್ರ ಬೇರೆ. ಚೀನಾ, ಕೊರಿಯಾ, ಬ್ರೆಜಿಲ್‌ನಿಂದ ಬಂದ ಸಹಪಾಠಿಗಳು 1040-ಎನ್‌ಆರ್‌ಗೆ ಬದಲಾದರೆ ಈ ದೊಡ್ಡ ರಿಯಾಯಿತಿ ಕಳೆದುಕೊಳ್ಳುತ್ತಾರೆ. ನಮಗೆ ಹಾಗಿಲ್ಲ. 1989ರಲ್ಲಿ ದೆಹಲಿಯಲ್ಲಿ ಸಹಿಯಾದ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ 2ನೇ ಕಲಂ ಪ್ರಕಾರ ಭಾರತದ ವಿದ್ಯಾರ್ಥಿಗಳು ನಾನ್‌ರೆಸಿಡೆಂಟ್ ಆಗಿದ್ದೂ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಒಂಟಿಯಾಗಿ ಫೈಲ್ ಮಾಡುವವರಿಗೆ ಅದು 2022ಕ್ಕೆ 12,950, 2023ಕ್ಕೆ 13,850, 2024ಕ್ಕೆ 14,600, 2025ಕ್ಕೆ 15,750 ಡಾಲರ್. ಬೇರೆ ದೇಶದವರ ಯೂಟ್ಯೂಬ್ ವಿಡಿಯೋ ನೋಡಿ "ನಮಗೆ ಡಿಡಕ್ಷನ್ ಇಲ್ವಂತೆ" ಎಂದು ನೂರಾರು ಡಾಲರ್ ಹೆಚ್ಚು ಕಟ್ಟಬೇಡಿ.

ಹೂಡಿಕೆಯ ಆದಾಯದಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಅಮೆರಿಕದ ಬ್ಯಾಂಕಿನ ಸೇವಿಂಗ್ಸ್ ಖಾತೆಯ ಬಡ್ಡಿಗೆ ನಾನ್‌ರೆಸಿಡೆಂಟ್ ತೆರಿಗೆ ಕಟ್ಟಬೇಕಿಲ್ಲ. ಹಳೆಯ ರಿಟರ್ನ್‌ನಲ್ಲಿ ಅದನ್ನು ಸೇರಿಸಿದ್ದರೆ ಈಗ ತೆಗೆಯಬಹುದು. ಅಮೆರಿಕದ ಕಂಪನಿಗಳ ಡಿವಿಡೆಂಡ್‌ಗೆ ಒಪ್ಪಂದದ ಪ್ರಕಾರ ಶೇ. 25. ಫೋನಿನಲ್ಲಿ ಷೇರು ವಹಿವಾಟು ಮಾಡಿದವರು ಮಾತ್ರ ಹುಷಾರಾಗಿರಬೇಕು. ಆ ವರ್ಷ 183 ದಿನ ಅಥವಾ ಹೆಚ್ಚು ಅಮೆರಿಕದಲ್ಲಿದ್ದರೆ ಷೇರು ಮಾರಾಟದ ನಿವ್ವಳ ಲಾಭಕ್ಕೆ ನೇರ ಶೇ. 30. ಇಲ್ಲಿ ವಿದ್ಯಾರ್ಥಿ ವಿನಾಯಿತಿ ನಡೆಯುವುದಿಲ್ಲ, ನಿಜವಾಗಿ ಇದ್ದ ದಿನಗಳೇ ಲೆಕ್ಕ. ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಈ ಲಾಭದಿಂದ ಕಳೆಯಲು ಬರುವುದಿಲ್ಲ. 2,000 ಡಾಲರ್ ಲಾಭಕ್ಕೆ 600 ಡಾಲರ್ ತೆರಿಗೆ. 1040ರಲ್ಲಿ ಅದೇ ಲಾಭಕ್ಕೆ ಬಹುಶಃ ಸೊನ್ನೆಯೋ ಶೇ. 10ರೋ ಕಟ್ಟಿರುತ್ತೀರಿ. ಇದನ್ನು ಷೆಡ್ಯೂಲ್ ಎನ್‌ಇಸಿ ಎಂಬ ಪುಟದಲ್ಲಿ ಹಾಕಬೇಕು.

ಊರಿನಿಂದ ಅಪ್ಪ ಅಮ್ಮ ಕಳಿಸಿದ ದುಡ್ಡು, ಬ್ಯಾಂಕಿನ ಎಜುಕೇಶನ್ ಲೋನ್ ಇವು ಆದಾಯವೇ ಅಲ್ಲ. ಹೆದರಿ ಅದನ್ನೆಲ್ಲ ಎಲ್ಲೂ ಸೇರಿಸಬೇಡಿ.

ಒಂದು ಲೆಕ್ಕ ಹಾಕಿ ನೋಡೋಣ

ದಾವಣಗೆರೆ ಕಡೆಯಿಂದ 2022ರ ಆಗಸ್ಟ್‌ನಲ್ಲಿ ಎಂಎಸ್ ಓದಲು ಹೋದ ಹುಡುಗ ಎಂದು ಭಾವಿಸಿ. 2023ರ ಬೇಸಿಗೆ ಇಂಟರ್ನ್‌ಶಿಪ್, ಕ್ಯಾಂಪಸ್ ಕೆಲಸ ಎರಡೂ ಸೇರಿ ಸಂಬಳ 24,000 ಡಾಲರ್. ಅದರಲ್ಲಿ ಫೆಡರಲ್ ತೆರಿಗೆ ಎಂದು 2,100 ಹಿಡಿದಿದ್ದಾರೆ. ಅವನು 1040 ಹಾಕಿದ. 13,850 ಡಿಡಕ್ಷನ್ ಕಳೆದು ತೆರಿಗೆಗೆ ಬರುವ ಆದಾಯ 10,150, ಅದರ ಮೇಲೆ ತೆರಿಗೆ 1,018. ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಆ 1,018ನ್ನೂ ಸೊನ್ನೆ ಮಾಡಿತು. ಹಿಡಿದಿದ್ದ 2,100 ಪೂರ್ತಿ ವಾಪಸ್ ಬಂತು.

ಸರಿಯಾದ ಲೆಕ್ಕದಲ್ಲಿ ಡಿಡಕ್ಷನ್ ಒಪ್ಪಂದದ ಬಲದಿಂದ ಉಳಿಯುತ್ತದೆ, ಕ್ರೆಡಿಟ್ ಹೋಗುತ್ತದೆ. ತೆರಿಗೆ 1,018, ಬರಬೇಕಿದ್ದ ರೀಫಂಡ್ 1,082. ಹಾಗಾಗಿ ಹಿಂದಿರುಗಿಸಬೇಕಾದ್ದು 1,018 ಡಾಲರ್ ಮತ್ತು ಅದರ ಬಡ್ಡಿ.

ಅದೇ ಹುಡುಗನ ಸಂಬಳದ ಚೀಟಿ ತೆಗೆದು ನೋಡಿ. ಕಂಪನಿಯ ಪೇರೋಲ್‌ನವರು ಅವನನ್ನು ರೆಸಿಡೆಂಟ್ ಎಂದುಕೊಂಡು ಎಲ್ಲ ಸಂಬಳದಿಂದಲೂ ಪಿಂಚಣಿಗೆಂದು ಹಿಡಿಯುವ ಸೋಶಿಯಲ್ ಸೆಕ್ಯುರಿಟಿ ಶೇ. 6.2, ವೃದ್ಧರ ಆರೋಗ್ಯ ವಿಮೆಗೆಂದು ಹಿಡಿಯುವ ಮೆಡಿಕೇರ್ ಶೇ. 1.45 ಹಿಡಿದಿದ್ದರೆ 24,000ಕ್ಕೆ ಅದು 1,836 ಡಾಲರ್. ಐದು ವರ್ಷದೊಳಗಿನ ಎಫ್-1 ವಿದ್ಯಾರ್ಥಿಗೆ, ಓದುವಾಗಲೇ ಇಂಟರ್ನ್‌ಶಿಪ್ ಮಾಡಲು ಸಿಗುವ ಸಿಪಿಟಿ ಮತ್ತು ಒಪಿಟಿ ಸೇರಿ, ಈ ಎರಡೂ ಅನ್ವಯಿಸುವುದಿಲ್ಲ. ಅದನ್ನು ವಾಪಸ್ ಪಡೆದರೆ 1,018 ಕಟ್ಟಿದ ಮೇಲೂ 818 ಡಾಲರ್ ಅವನ ಕೈಯಲ್ಲೇ ಉಳಿಯಿತು, ಬಡ್ಡಿಯಷ್ಟು ಕಡಿಮೆ. 1040 ಹಾಕಿ "ನಾನು ರೆಸಿಡೆಂಟ್" ಎಂದು ಹೇಳಿಕೊಂಡು, ಇನ್ನೊಂದು ಕಡೆ "ನಾನ್‌ರೆಸಿಡೆಂಟ್, ನನ್ನ ಸೋಶಿಯಲ್ ಸೆಕ್ಯುರಿಟಿ ಹಣ ಕೊಡಿ" ಎಂದು ಕೇಳಲು ಆಗುವುದಿಲ್ಲ. ಅದಕ್ಕೇ ಮೊದಲು ರಿಟರ್ನ್ ಸರಿಯಾಗಬೇಕು.

ಫಾರ್ಮ್ ತುಂಬುವ ಕ್ರಮ

ಹಳೆಯ ರಿಟರ್ನ್‌ನ ರೀಫಂಡ್ ಇನ್ನೂ ಬಂದಿಲ್ಲವಾದರೆ ತಡೆಯಿರಿ. ಅದು ಪೂರ್ತಿಯಾಗಿ ಪ್ರೊಸೆಸ್ ಆಗಲಿ, ದುಡ್ಡು ಬಂದರೆ ಖರ್ಚು ಮಾಡದೆ ಇಟ್ಟುಕೊಳ್ಳಿ. ಎರಡು ರಿಟರ್ನ್‌ಗಳು ಒಂದರ ಮೇಲೊಂದು ಬಿದ್ದರೆ ಗೋಜಲು ಹೆಚ್ಚುತ್ತದೆ.

ಆಮೇಲೆ ಆ ವರ್ಷದ 1040-ಎನ್‌ಆರ್ ಇಳಿಸಿಕೊಂಡು ಮೊದಲ ಬಾರಿ ಫೈಲ್ ಮಾಡುವವರ ಹಾಗೆ ಪೂರ್ತಿ ತುಂಬಿ. 2023ರ ತಪ್ಪಿಗೆ 2023ರ ಫಾರ್ಮೇ ಬೇಕು. ಟರ್ಬೋಟ್ಯಾಕ್ಸ್‌ನಲ್ಲಿ 1040-ಎನ್‌ಆರ್ ಇಲ್ಲ. ಸ್ಪ್ರಿಂಟ್ಯಾಕ್ಸ್, ಗ್ಲೇಸಿಯರ್ ಟ್ಯಾಕ್ಸ್ ಪ್ರೆಪ್‌ನಂಥ ವಿದ್ಯಾರ್ಥಿಗಳ ಸಾಫ್ಟ್‌ವೇರ್‌ಗಳಲ್ಲಿ ಇದೆ. ಎಷ್ಟೋ ಯೂನಿವರ್ಸಿಟಿಗಳ ಇಂಟರ್‌ನ್ಯಾಷನಲ್ ಆಫೀಸು ಇವುಗಳ ಉಚಿತ ಕೋಡ್ ಕೊಡುತ್ತದೆ, ಕೇಳಿ ನೋಡಿ. ಒಂದೇ ಡಬ್ಲ್ಯು-2 ಇರುವವರು ಕೈಯಲ್ಲೇ ತುಂಬಿದರೂ ಒಂದು ಸಂಜೆಯ ಕೆಲಸ. ಡಿಡಕ್ಷನ್ ಸಾಲಿನಲ್ಲಿ ಮೊತ್ತ ಹಾಕಿ, ಅದರ ಎಡಕ್ಕೆ ಖಾಲಿ ಜಾಗದಲ್ಲಿ "ಸ್ಟ್ಯಾಂಡರ್ಡ್ ಡಿಡಕ್ಷನ್ ಅಲೋಡ್ ಅಂಡರ್ ಯು.ಎಸ್.–ಇಂಡಿಯಾ ಇನ್‌ಕಮ್ ಟ್ಯಾಕ್ಸ್ ಟ್ರೀಟಿ" ಎಂದು ಇಂಗ್ಲಿಷ್‌ನಲ್ಲಿ ಬರೆಯಿರಿ. ಈ ಸಾಲು ಬರೆಯದೆ ಬಿಟ್ಟರೆ ಅಲ್ಲಿ ಕುಳಿತವರಿಗೆ ನಿಮ್ಮ ಡಿಡಕ್ಷನ್ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಮದುವೆಯಾಗಿದ್ದರೆ ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ. ಇನ್ನು ಮೊದಲ ಪುಟದ ನೆತ್ತಿಯ ಮೇಲೆ ದೊಡ್ಡದಾಗಿ "ಅಮೆಂಡೆಡ್" ಎಂದು ಬರೆಯಿರಿ.

ಮೂರನೆಯದು 1040-ಎಕ್ಸ್. ತಿದ್ದುಪಡಿಗಳಿಗೆಲ್ಲ ಇದೇ ಫಾರ್ಮ್ ಆದರೂ ಸ್ಟೇಟಸ್ ಬದಲಿಸುವವರಿಗೆ ಕೆಲಸ ಕಡಿಮೆ. ಮೊದಲ ಪುಟದಲ್ಲಿ ಹೆಸರು, ಈಗಿನ ವಿಳಾಸ, ಎಸ್‌ಎಸ್‌ಎನ್ ಅಥವಾ ಐಟಿಐಎನ್ ಎಂಬ ತೆರಿಗೆ ಗುರುತಿನ ಸಂಖ್ಯೆ, ಯಾವ ವರ್ಷ ಎಂಬಿಷ್ಟು ಹಾಕಿ, ಉಳಿದ ಅಂಕಿಗಳ ಕಾಲಂಗಳನ್ನೆಲ್ಲ ಖಾಲಿ ಬಿಡಬೇಕು. ಸಾಫ್ಟ್‌ವೇರ್ ಮೂರು ಕಾಲಂ ತುಂಬಿಸಲು ಹೊರಟರೆ ಅದು ಈ ದಾರಿ ಗೊತ್ತಿಲ್ಲದ ಸಾಫ್ಟ್‌ವೇರ್. ಎರಡನೇ ಪುಟದಲ್ಲಿ ಬದಲಾವಣೆಗೆ ಕಾರಣ ಬರೆಯುವ ಜಾಗವಿದೆ. ಅಲ್ಲಿ ಕಥೆ ಬೇಡ, ಕ್ಷಮಾಪಣೆಯೂ ಬೇಡ. ನಾಲ್ಕು ವಾಕ್ಯ ಸಾಕು, ಇಂಗ್ಲಿಷ್‌ನಲ್ಲಿ, ಈ ಅರ್ಥ ಬರುವಂತೆ:

"ನಾನು 2022ರ ಆಗಸ್ಟ್‌ನಿಂದ ಎಫ್-1 ವಿದ್ಯಾರ್ಥಿ. 2023ರಲ್ಲಿ ಎಗ್ಸೆಂಪ್ಟ್ ಇಂಡಿವಿಜುಯಲ್ (ದಿನಗಳ ಎಣಿಕೆಯಿಂದ ವಿನಾಯಿತಿ ಇರುವವನು) ಆಗಿದ್ದರಿಂದ ಸಬ್‌ಸ್ಟ್ಯಾನ್ಷಿಯಲ್ ಪ್ರೆಸೆನ್ಸ್ ಟೆಸ್ಟನ್ನು ನಾನು ಪೂರೈಸುವುದಿಲ್ಲ, ಆದರೂ ತಪ್ಪಾಗಿ ಫಾರ್ಮ್ 1040 ಸಲ್ಲಿಸಿದ್ದೆ. ಸರಿಯಾದ 1040-ಎನ್‌ಆರ್ ಮತ್ತು 8843 ಲಗತ್ತಿಸಿದ್ದೇನೆ, ಎಜುಕೇಶನ್ ಕ್ರೆಡಿಟ್ ಹಿಂದೆಗೆದುಕೊಂಡಿದ್ದೇನೆ. ಈ ಮೊದಲು 2,100 ಡಾಲರ್ ರೀಫಂಡ್ ಬಂದಿದೆ, ಅದರಲ್ಲಿ 1,018 ಡಾಲರ್ ಇಂಥ ತಾರೀಖು ಮರುಪಾವತಿಸಿದ್ದೇನೆ."

ಕೊನೆಯ ವಾಕ್ಯ ಬಿಡಬೇಡಿ. ಹೊಸ 1040-ಎನ್‌ಆರ್ ತನ್ನ ಪಾಡಿಗೆ 1,082 ರೀಫಂಡ್ ಎಂದು ತೋರಿಸುತ್ತಿರುತ್ತದೆ. ಅದು ಹೊಸದಾಗಿ ಬರಬೇಕಾದ ಹಣವಲ್ಲ, ಬಂದಾಗಿದೆ ಎಂದು ಓದುವವರಿಗೆ ತಿಳಿಯಬೇಕು.

ಫಾರ್ಮ್ 8843ನ್ನು ಬಹಳಷ್ಟು ಜನ ಕೇಳಿಯೇ ಇರುವುದಿಲ್ಲ. "ನಾನು ವಿದ್ಯಾರ್ಥಿ, ನನ್ನ ದಿನಗಳನ್ನು ಎಣಿಸಬೇಡಿ" ಎಂದು ಹೇಳುವ ಕಾಗದ ಅದು. ಒಂದು ಡಾಲರ್ ದುಡಿಯದ ವರ್ಷವೂ ಹಾಕಲೇಬೇಕು. ಗಂಡ, ಹೆಂಡತಿ, ಮಕ್ಕಳು ಜೊತೆಗಿದ್ದರೆ ಒಬ್ಬೊಬ್ಬರಿಗೂ ಬೇರೆ ಬೇರೆ. ಹಿಂದಿನ ವರ್ಷಗಳದ್ದು ಬಾಕಿ ಇದ್ದರೆ ತಡವಾದರೂ ಈಗ ಕಳಿಸಿ.

ಜೋಡಿಸುವ ಕ್ರಮ: ಮೇಲೆ 1040-ಎಕ್ಸ್, ಅದರ ಹಿಂದೆ 1040-ಎನ್‌ಆರ್ ಮತ್ತು ಅದರ ಷೆಡ್ಯೂಲ್‌ಗಳು, 8843, ಡಬ್ಲ್ಯು-2, ವಿದೇಶಿಯರಿಗೆ ಕೊಡುವ ಆದಾಯದ ಕಾಗದವಾದ 1042-ಎಸ್ ಇದ್ದರೆ ಅದು. 1040-ಎಕ್ಸ್‌ಗೂ 1040-ಎನ್‌ಆರ್‌ಗೂ ಎರಡಕ್ಕೂ ಪೆನ್ನಿನಿಂದ ಸಹಿ. ಎರಡು ವರ್ಷ ತಪ್ಪಾಗಿದ್ದರೆ ಎರಡು ಪ್ರತ್ಯೇಕ ಕವರ್. 1040-ಎನ್‌ಆರ್ ಸಂಬಂಧದ ಕಾಗದಗಳು ಹೋಗುವುದು ಟೆಕ್ಸಸ್‌ನ ಆಸ್ಟಿನ್ ಕೇಂದ್ರಕ್ಕೆ. ಪೂರ್ತಿ ವಿಳಾಸವನ್ನು 1040-ಎಕ್ಸ್‌ನ ಆ ವರ್ಷದ ಸೂಚನಾ ಪುಸ್ತಿಕೆಯಿಂದಲೇ ಬರೆದುಕೊಳ್ಳಿ, ಫಾರ್ವರ್ಡ್ ಆಗಿ ಬಂದ ವಿಳಾಸ ನಂಬಬೇಡಿ. ಸರ್ಟಿಫೈಡ್ ಮೇಲ್‌ನಲ್ಲಿ ಹಾಕಿ ರಸೀದಿ ಇಟ್ಟುಕೊಳ್ಳಿ. ಎಲ್ಲ ಪುಟಗಳ ಸ್ಕ್ಯಾನ್ ನಿಮ್ಮ ಹತ್ತಿರ ಇರಲಿ.

ದುಡ್ಡು ಕಟ್ಟುವುದು

ಬಿಲ್ ಬರಲಿ ಎಂದು ಕಾಯಬೇಡಿ. ಬಡ್ಡಿ ಮೂಲ ಗಡುವಿನ ದಿನದಿಂದಲೇ ಓಡುತ್ತಿರುತ್ತದೆ. ತಡಪಾವತಿಗೆ ತಿಂಗಳಿಗೆ ಶೇ. 0.5 ದಂಡವೂ ಬೀಳಬಹುದು. ಐಆರ್‌ಎಸ್‌ನ ಡೈರೆಕ್ಟ್ ಪೇ ಪುಟದಲ್ಲಿ ಕಾರಣ ಅಮೆಂಡೆಡ್ ರಿಟರ್ನ್ ಎಂದೂ ವರ್ಷ ಸರಿಯಾಗಿಯೂ ಆಯ್ದು ಮೂಲ ಮೊತ್ತ ಕಟ್ಟಿ. ಬಡ್ಡಿಯನ್ನು ಅವರೇ ಲೆಕ್ಕ ಹಾಕಿ ಪತ್ರ ಕಳಿಸುತ್ತಾರೆ, ಆಗ ಕಟ್ಟಿದರೆ ಆಯಿತು. ಇಲಾಖೆ ಕಾಗದ ಬರೆಯುವ ಮೊದಲು ನೀವಾಗಿಯೇ ತಿದ್ದಿದರೆ ಶೇ. 20ರ ದೊಡ್ಡ ದಂಡದಿಂದ ತಪ್ಪಿಸಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ಈ ವಿಷಯದಲ್ಲಿ ಮುಂದೂಡುವುದರಿಂದ ಯಾವ ಲಾಭವೂ ನನಗೆ ಕಾಣುವುದಿಲ್ಲ.

ಓದು ಮುಗಿಸಿ ಬೆಂಗಳೂರಿಗೆ ವಾಪಸ್ ಹೋಗುವವರು ಅಮೆರಿಕದ ಬ್ಯಾಂಕ್ ಖಾತೆ ಮುಚ್ಚುವ ಮೊದಲೇ ಇದನ್ನು ಮುಗಿಸಿ. ಡೈರೆಕ್ಟ್ ಪೇಗೆ ಅಲ್ಲಿನ ಖಾತೆಯೇ ಬೇಕು, ಬರಬೇಕಾದ ಹಣಕ್ಕೂ ಅದೇ ಖಾತೆ ಸುಲಭ.

ನಿಮಗೇ ಹಣ ಬರಬೇಕಿದ್ದರೆ ಗಡುವು ಬಿಗಿ. ಫೈಲ್ ಮಾಡಿದ ದಿನದಿಂದ 3 ವರ್ಷ ಅಥವಾ ತೆರಿಗೆ ಕಟ್ಟಿದ ದಿನದಿಂದ 2 ವರ್ಷ, ಯಾವುದು ತಡವೋ ಅದರೊಳಗೆ ಕೇಳಬೇಕು. ಫೆಬ್ರವರಿಯಲ್ಲೇ ಫೈಲ್ ಮಾಡಿದ್ದರೂ ಲೆಕ್ಕ ಹಿಡಿಯುವುದು ಏಪ್ರಿಲ್‌ನ ಕೊನೆಯ ದಿನಾಂಕದಿಂದ.

ಸೋಶಿಯಲ್ ಸೆಕ್ಯುರಿಟಿ ಹಣ ವಾಪಸ್ ಪಡೆಯುವುದು

ಇದು 1040-ಎಕ್ಸ್‌ನೊಂದಿಗೆ ಹೋಗುವ ಕೆಲಸವಲ್ಲ. ಮೊದಲು ಕಂಪನಿಯ ಪೇರೋಲ್‌ಗೆ ಇಮೇಲ್ ಬರೆದು ಕೇಳಿ. ಮನಸ್ಸಿದ್ದರೆ ಅವರೇ ಕಂಪನಿಯ ಪೇರೋಲ್ ತೆರಿಗೆ ತಿದ್ದುವ 941-ಎಕ್ಸ್ ಹಾಕಿ ನಿಮಗೆ ಹಣ ಕೊಟ್ಟು ತಿದ್ದಿದ ಡಬ್ಲ್ಯು-2ಸಿ ಕಳಿಸುತ್ತಾರೆ. ಕೆಲವು ಕಡೆ "ನಮ್ಮಲ್ಲಿ ಹಾಗೆ ಮಾಡಲು ಬರುವುದಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಬೇಸರ ಬೇಡ, ಆ ಇಮೇಲೇ ನಿಮಗೆ ದಾಖಲೆ. ಅದನ್ನು ಪ್ರಿಂಟ್ ಮಾಡಿ ಹಣ ವಾಪಸ್ ಕೇಳುವ ಫಾರ್ಮ್ 843 ಮತ್ತು ಫಾರ್ಮ್ 8316 ತುಂಬಿ, ಡಬ್ಲ್ಯು-2, ವೀಸಾ ಪುಟ, ಐ-94, ಯೂನಿವರ್ಸಿಟಿ ಕೊಟ್ಟ ಐ-20, ಒಪಿಟಿ ಆಗಿದ್ದರೆ ಕೆಲಸದ ಅನುಮತಿಯ ಇಎಡಿ ಕಾರ್ಡ್‌ನ ಪ್ರತಿ, ತಿದ್ದಿದ 1040-ಎನ್‌ಆರ್‌ನ ಪ್ರತಿ ಸೇರಿಸಿ ಯೂಟಾದ ಆಗ್ಡೆನ್ ಕೇಂದ್ರಕ್ಕೆ ಕಳಿಸಿ. 2023ರ ಸಂಬಳದ ಹಣ ಕೇಳಲು 2027ರ ಏಪ್ರಿಲ್ 15ರವರೆಗೆ ಸಮಯವಿದೆ. ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಇದು ಐದು ಕ್ಯಾಲೆಂಡರ್ ವರ್ಷದವರೆಗೆ ಮಾತ್ರ. ಎಚ್-1ಬಿ ಶುರುವಾದ ದಿನದಿಂದ ಹಿಡಿದದ್ದು ಸರಿಯಾಗಿಯೇ ಹಿಡಿದದ್ದು, ಅದನ್ನು ಕೇಳಬೇಡಿ.

ಉಲ್ಟಾ ತಪ್ಪು: ರೆಸಿಡೆಂಟ್ ಆದಮೇಲೂ 1040-ಎನ್‌ಆರ್

ಬಿಎಸ್, ಎಂಎಸ್, ಪಿಎಚ್‌ಡಿ ಎಂದು ಅಲ್ಲೇ ಉಳಿದವರದ್ದು ಈ ಕಥೆ. ಪ್ರತಿ ವರ್ಷ ಅದೇ ವಿದ್ಯಾರ್ಥಿ ಸಾಫ್ಟ್‌ವೇರ್, ಅದೇ ಉತ್ತರಗಳು. ಆರನೇ ವರ್ಷ ರೆಸಿಡೆಂಟ್ ಆಗಿದ್ದು ಗೊತ್ತೇ ಆಗಿರುವುದಿಲ್ಲ. ತಿದ್ದುವ ದಾರಿ ಅದೇ: 1040-ಎಕ್ಸ್ ಹೊರಗೆ, ಸರಿಯಾದ 1040 ಒಳಗೆ, ಕಾರಣ ಬರೆಯಿರಿ. ಈ ಸಲ ಎಜುಕೇಶನ್ ಕ್ರೆಡಿಟ್ ನಿಮಗೆ ಸಿಗಬಹುದು, ಹಾಗಾಗಿ ರೀಫಂಡ್ ಬರುವ ಸಾಧ್ಯತೆಯೂ ಇದೆ.

ಆದರೆ ರೆಸಿಡೆಂಟ್ ಎಂದರೆ ಜಗತ್ತಿನ ಯಾವ ಮೂಲೆಯ ಆದಾಯವನ್ನೂ ಹೇಳಬೇಕು. ಅಜ್ಜಿ ನಿಮ್ಮ ಹೆಸರಿನಲ್ಲಿಟ್ಟ ಎಫ್‌ಡಿಯ ಬಡ್ಡಿ, ಊರಿನ ಮನೆ ಬಾಡಿಗೆಯಲ್ಲಿ ನಿಮ್ಮ ಪಾಲು ಎಲ್ಲ ಬರುತ್ತದೆ. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ನಿಜ, ಅಮೆರಿಕದಲ್ಲಿ ಇದೆ. ಭಾರತದ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ಪ್ರತ್ಯೇಕ ವರದಿ ಆನ್‌ಲೈನ್‌ನಲ್ಲಿ ಕೊಡಬೇಕು. ಅಪ್ಪನ ಜೊತೆಗಿನ ಜಂಟಿ ಖಾತೆಯೂ ಇದರಲ್ಲಿ ಸೇರುತ್ತದೆ. ವರ್ಷದಲ್ಲಿ 1,00,000 ಡಾಲರ್ ಮೀರಿ ಮನೆಯವರಿಂದ ಉಡುಗೊರೆಯಾಗಿ ಬಂದಿದ್ದರೆ ಫಾರ್ಮ್ 3520. ಅದಕ್ಕೆ ತೆರಿಗೆ ಇಲ್ಲ, ಆದರೆ ತಿಳಿಸದಿದ್ದರೆ ದಂಡ ಭಾರಿ. ಭಾರತದ ಮ್ಯೂಚುವಲ್ ಫಂಡ್ ಇರುವವರು ಅಮೆರಿಕದ ತೆರಿಗೆ ಬಲ್ಲ ಸಿಪಿಎ (ಅಲ್ಲಿನ ಪರವಾನಗಿ ಪಡೆದ ಲೆಕ್ಕಪರಿಶೋಧಕ) ಒಬ್ಬರ ಹತ್ತಿರ ಹೋಗುವುದೇ ಲೇಸು, ಅದರ ಲೆಕ್ಕ ಮನೆಯಲ್ಲಿ ಕುಳಿತು ಮುಗಿಯುವಂಥದ್ದಲ್ಲ.

ರಾಜ್ಯದ ರಿಟರ್ನ್, ಮತ್ತೆ ಮುಂದಿನ ವರ್ಷ

ಟೆಕ್ಸಸ್, ಫ್ಲಾರಿಡಾ, ವಾಷಿಂಗ್ಟನ್ ರಾಜ್ಯದವರಿಗೆ ಸಂಬಳದ ಮೇಲೆ ರಾಜ್ಯ ತೆರಿಗೆಯೇ ಇಲ್ಲ, ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಉಳಿದವರು ಫೆಡರಲ್ ತಿದ್ದಿದ ಮೇಲೆ ರಾಜ್ಯದ್ದನ್ನೂ ನೋಡಬೇಕು. ರಾಜ್ಯದ ರೆಸಿಡೆನ್ಸಿ ನಿಯಮವೇ ಬೇರೆ. ಫೆಡರಲ್‌ನಲ್ಲಿ ನಾನ್‌ರೆಸಿಡೆಂಟ್ ಆದವರು ರಾಜ್ಯದಲ್ಲಿ ರೆಸಿಡೆಂಟ್ ಆಗಿರಬಹುದು. ಕೆಲವು ರಾಜ್ಯಗಳು ಭಾರತದೊಂದಿಗಿನ ಒಪ್ಪಂದವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಕ್ಯಾಲಿಫೋರ್ನಿಯಾ ಅವುಗಳಲ್ಲಿ ಒಂದು. ಅಲ್ಲಿ ಫೆಡರಲ್ ಬದಲಾವಣೆಯನ್ನು 6 ತಿಂಗಳೊಳಗೆ ತಿಳಿಸಬೇಕು ಎಂಬ ನಿಯಮವೂ ಇದೆ.

ಕಾಗದ ತಲುಪಿದ ಮೂರು ವಾರಕ್ಕೆ ಐಆರ್‌ಎಸ್‌ನ ವೇರ್ಸ್ ಮೈ ಅಮೆಂಡೆಡ್ ರಿಟರ್ನ್ ಪುಟದಲ್ಲಿ ಸುಳಿವು ಸಿಗುತ್ತದೆ. ಇಲಾಖೆ ಹೇಳುವ ಲೆಕ್ಕ 8ರಿಂದ 12 ವಾರ, ಕೆಲವೊಮ್ಮೆ 16. ತಡವಾಯಿತೆಂದು ಇನ್ನೊಂದು ಪ್ರತಿ ಕಳಿಸಬೇಡಿ, ಅದರಿಂದ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ಮಧ್ಯೆ ವಿಳಾಸ ಬದಲಿಸಿದರೆ ಫಾರ್ಮ್ 8822 ಹಾಕಿ, ಇಲ್ಲವಾದರೆ ಅವರ ಪತ್ರ ಹಳೆಯ ಅಪಾರ್ಟ್‌ಮೆಂಟ್‌ನ ಡಬ್ಬಿಯಲ್ಲೇ ಕೊಳೆಯುತ್ತದೆ, ಉತ್ತರಿಸುವ ಗಡುವು ಮೀರುತ್ತದೆ.

ಈ ಮಧ್ಯೆ ಕೆಲಸದ ಜಾಗದಲ್ಲಿ, ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ತಿಳಿಸುವ ಡಬ್ಲ್ಯು-4 ಹೊಸದಾಗಿ ಕೊಡಿ. 4(ಸಿ) ಸಾಲಿನ ಕೆಳಗೆ ಖಾಲಿ ಜಾಗದಲ್ಲಿ "ನಾನ್‌ರೆಸಿಡೆಂಟ್ ಏಲಿಯನ್" ಎಂದು ಇಂಗ್ಲಿಷ್‌ನಲ್ಲಿ ಬರೆಯಬೇಕು. ನಾನ್‌ರೆಸಿಡೆಂಟ್‌ಗಳಿಂದ ಹೆಚ್ಚುವರಿ ತೆರಿಗೆ ಹಿಡಿಯುವ ಲೆಕ್ಕವೊಂದು ಪೇರೋಲ್‌ನವರ ಕೈಪಿಡಿಯಲ್ಲಿದೆ. ಭಾರತದ ವಿದ್ಯಾರ್ಥಿಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಐಆರ್‌ಎಸ್‌ನ ಪಬ್ಲಿಕೇಶನ್ 15-ಟಿಯಲ್ಲಿ ಬರೆದಿದೆ. ಅವರಿಗೆ ಗೊತ್ತಿಲ್ಲದಿದ್ದರೆ ಆ ಪುಟವನ್ನೇ ಇಮೇಲ್‌ಗೆ ಸೇರಿಸಿ ಕಳಿಸಿ.